ಕೆಳಗಿನ ಕೋರ್ಟಿನ ಮಾತು

ಬೀರನಕೊಪ್ಪ, ತಾ. ಹಳಿಯಾಳ
18 ಜೂನ್ 2023

ಚಿರಂಜೀವಿ ಸುಮಿತಾಳಿಗೆ,

ಕ್ಷೇಮ ಎಂದು ಬರೆದು ಪತ್ರ ಸುರು ಮಾಡುವುದು ವಾಡಿಕೆ. ಈ ಸಲ ಬರೆಯುತ್ತಿಲ್ಲ. ನಿಮ್ಮವ್ವ ಚೆನ್ನಾಗಿದ್ದಾಳೆ, ಎಮ್ಮೆ ಚೆನ್ನಾಗಿದೆ, ನಾನು ಮಾತ್ರ ಕುಂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಇದ್ದೇನೆ.

ಫೋನು ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ನನ್ನ ಕಿವಿಯ ಸಂಗತಿ ನಿನಗೆ ಗೊತ್ತು. ನಾನು ಫೋನಿನಲ್ಲಿ ಮಾತಾಡಿದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಈ ಮಾತು ಊರಿಗೆ ಕೇಳುವಂಥದ್ದಲ್ಲ.

ಮರಿಯಾ ನನ್ನ ಮೇಲೆ ದಾವೆ ಹಾಕಿದ್ದಾಳೆ. ಹೌದು, ಅದೇ ಮರಿಯಾ. ನಮ್ಮ ಹೊಲದಾಚೆ ಹಳ್ಳದ ದಂಡೆಗಿರುವ ಸಿದ್ದಿಯರ ಮನೆಯವಳು, ನಿನ್ನ ಕೈ ಹಿಡಿದು ಸಾಲಿಗೆ ಹೋಗುತ್ತಿದ್ದ ರೀನಾಳ ತಾಯಿ. ಕೋರ್ಟಿನವನು ಸಮನ್ಸು ಹಿಡಿದು ಬಂದಾಗ ನಾನು ಅಂಗಳದ ಬಾಗಿಲಿನ ದಣಪೆಯ ಹತ್ತಿರ ಹಲ್ಲುಜ್ಜುತ್ತಿದ್ದೆ. ಬಾಯಲ್ಲಿ ಬೂದಿ ಇಟ್ಟುಕೊಂಡೇ ಸಹಿ ಮಾಡಿದೆ.

ಆದದ್ದು ಇಷ್ಟು. ಆ ಹುಡುಗಿ ರೀನಾ ಈಗ ಅಂಬಿಕಾನಗರದ ಕಡೆ ಅಂಗನವಾಡಿ ಟೀಚರು. ಪಂಚಾಯತಿಯಲ್ಲಿ ನಿಂತು, ನಮ್ಮ ಹೊಲದ ಬದುವಿನ ಮೇಲಿನ ಕಾಲುದಾರಿಗೆ ಖಡಿ ಹಾಕಿಸಿ, ಆಟೊ ಬರುವಂತೆ ಮಾಡಿ ಎಂದಳು. ನಾನು ಸಿಟ್ಟಿಗೇಳಲಿಲ್ಲ. "ನನ್ನ ಹೊಲದಾಗಿಂದು, ಒಂದ ಮಾತು ಕೇಳಿದ್ರ ನಾನ ಹಾಕಸ್ತಿದ್ನೆಲ್ಲವಾ" ಎಂದೆ. ಅದಕ್ಕೆ ಅವಳು ಎಲ್ಲರ ಮುಂದೆ, "ಕೇಳೂದೇನೈತ್ರೀ ಗೌಡ್ರ? ಅದು ನಮ್ಮ ಹಕ್ಕಿನ ದಾರಿ" ಎಂದಳು. ಮರುದಿನ ಬೇಲಿ ಹಾಕಿದೆ. ಕೇಳಿದ್ದರೆ ಕೊಡುತ್ತಿದ್ದೆ. ಹಕ್ಕು ಅಂದಳು, ಮುಳ್ಳು ಬಿತ್ತು.

ನಿನಗೆ ಸಲಹೆ ಕೇಳುತ್ತಿಲ್ಲ. ನೀನು ಜಡ್ಜು, ನಿನ್ನ ಬಾಯಿ ಕಟ್ಟಿದೆ ಎಂದು ಗೊತ್ತು. ಒಂದೇ ಸಾಮಾನ್ಯ ಜ್ಞಾನದ ಪ್ರಶ್ನೆ. ಹಳಿಯಾಳದ ಕೋರ್ಟಿನ ಮೇಲೆ ಯಾವ ಕೋರ್ಟು, ಅದರ ಮೇಲೆ ಯಾವುದು, ತುದಿಯಲ್ಲಿ ಯಾರು ಕೂತಿದ್ದಾರೆ, ಬರೆದು ಕಳಿಸು. ಇಲ್ಲಿ ಸೋತರೆ ಅಲ್ಲಿ, ಅಲ್ಲಿ ಸೋತರೆ ಅದರಾಚೆ, ನಾನು ತುದಿಯ ತನಕ ಹೋಗುವವನು.

ನಿನ್ನ ತಂದೆ,
ಉಳವಪ್ಪ

*

ಹುಮನಾಬಾದ
2 ಜುಲೈ 2023

ಅಪ್ಪನಿಗೆ ನಮಸ್ಕಾರ.

ಪುಸ್ತಕದಲ್ಲಿ ಇರುವುದನ್ನಷ್ಟೇ ಬರೆಯುತ್ತೇನೆ. ನಿಮ್ಮ ದಾವೆಯ ಬಗ್ಗೆ ನಾನು ಒಂದಕ್ಷರ ಹೇಳುವಂತಿಲ್ಲ, ಹೇಳುವುದೂ ಇಲ್ಲ.

ತಾಲೂಕಿನಲ್ಲಿ ಮೊದಲು ಸಿವಿಲ್ ನ್ಯಾಯಾಧೀಶರ ಕೋರ್ಟು. ಅದೇ ನ್ಯಾಯಾಧೀಶರು ಹೊಲದ ಜಗಳವನ್ನೂ ನೋಡುತ್ತಾರೆ, ಮ್ಯಾಜಿಸ್ಟ್ರೇಟರಾಗಿ ಹೊಡೆದಾಟದ ಕೇಸನ್ನೂ ನೋಡುತ್ತಾರೆ. ಅವರ ತೀರ್ಪು ಒಪ್ಪಿಗೆಯಾಗದಿದ್ದರೆ ಹಿರಿಯ ಸಿವಿಲ್ ನ್ಯಾಯಾಧೀಶರಲ್ಲಿ ಮೇಲ್ಮನವಿ. ಜಿಲ್ಲೆಯ ಈ ಕೋರ್ಟುಗಳಿಗೆಲ್ಲ ಹಿರಿಯರು ಕಾರವಾರದಲ್ಲಿ ಕೂರುವ ಜಿಲ್ಲಾ ನ್ಯಾಯಾಧೀಶರು. ಕೊಲೆಯಂಥ ಕೇಸು ಬಂದಾಗ ಅವರನ್ನೇ ಸೆಷನ್ಸ್ ನ್ಯಾಯಾಧೀಶರು ಅನ್ನುತ್ತಾರೆ. ಇವೆಲ್ಲದರ ಮೇಲೆ ಹೈಕೋರ್ಟು. ಅದರ ಮುಖ್ಯ ಪೀಠ ಬೆಂಗಳೂರಲ್ಲಿ, ಇನ್ನೆರಡು ಪೀಠ ಧಾರವಾಡ ಮತ್ತು ಕಲಬುರಗಿಯಲ್ಲಿ. ನಮ್ಮ ಜಿಲ್ಲೆ ಧಾರವಾಡಕ್ಕೆ ಸೇರಿದೆ. ಅಲ್ಲಿಂದಾಚೆ ದಿಲ್ಲಿ.

ಒಂದು ಮಾತು ಮಾತ್ರ ನೆನಪಿರಲಿ, ಇದೂ ಪುಸ್ತಕದ್ದೇ. ಮೇಲೆ ಹೋದಂತೆ ಕೋರ್ಟು ದೊಡ್ಡದಾಗುತ್ತದೆ, ಆದರೆ ಮನುಷ್ಯನ ದನಿ ಕೇಳುವುದು ಕೆಳಗಿನ ಕೋರ್ಟಿನಲ್ಲಿ ಮಾತ್ರ. ಸಾಕ್ಷಿ ಕಟಕಟೆಗೆ ಬಂದು ನಿಲ್ಲುವುದು ಇಲ್ಲಿ. ಇಲ್ಲಿ ಏನು ಹೇಳಿದರೋ ಅದನ್ನು ಟೈಪು ಮಾಡುತ್ತಾರೆ. ಮೇಲಿನವರು ಆ ಹಾಳೆಗಳನ್ನೇ ಓದುತ್ತಾರೆ. ಧಾರವಾಡಕ್ಕೆ ಹೋಗಿ ನಿಂತರೆ ನಿಮ್ಮನ್ನು ಯಾರೂ "ಏನಾಯಿತು ಹೇಳಿ" ಎಂದು ಕೇಳುವುದಿಲ್ಲ.

ನಾನು ಜಡ್ಜು ಎಂದು ಅಲ್ಲಿ ಯಾರಿಗೂ ಹೇಳಬೇಡಿ, ಅಪ್ಪ. ನಿಮ್ಮ ವಕೀಲರಿಗೂ ಬೇಡ. ನಾನು ಕೂರುವುದೂ ಹಳಿಯಾಳದಂಥ ಕೆಳಗಿನ ಕೋರ್ಟಿನಲ್ಲೇ.

ಇಲ್ಲಿ ಬಿಸಿಲು ಇಳಿದಿಲ್ಲ. ನಿದ್ದೆ ಸರಿಯಾಗಿ ಬರುತ್ತಿಲ್ಲ. ಆ ದಾರಿಯಲ್ಲಿ ನೇರಳೆ ಮರ ಇತ್ತಲ್ಲ, ಇನ್ನೂ ಇದೆಯೇ?

ನಿಮ್ಮ,
ಸುಮಿತಾ

*

ಬೀರನಕೊಪ್ಪ
26 ನವೆಂಬರ್ 2023

ಚಿರಂಜೀವಿ ಸುಮಿತಾಳಿಗೆ,

ನಿನ್ನ ಪಾಠ ಓದಿದೆ. ಒಂದು ವಿಷಯಕ್ಕೆ ಬೇಸರವಾಯಿತು. ನೀನೂ ಕೆಳಗಿನ ಕೋರ್ಟಿನವಳು ಎಂದು ನನಗೆ ಗೊತ್ತಿರಲಿಲ್ಲ. ನಾನು ಊರ ತುಂಬ ನನ್ನ ಮಗಳು ದೊಡ್ಡ ಕೋರ್ಟಿನ ಜಡ್ಜು ಎಂದು ಹೇಳಿಕೊಂಡು ತಿರುಗಿದ್ದೇನೆ. ಇರಲಿ, ತಿದ್ದಲು ಹೋಗುವುದಿಲ್ಲ.

ವಕೀಲ ಈರೇಶನಿಗೆ ಹೇಳಿಬಿಟ್ಟೆ. ನೀನು ಬೇಡ ಅಂದದ್ದು ನೆನಪಾದದ್ದು ಹೇಳಿದ ಮೇಲೆ. ಅವನು ದಾಂಡೇಲಿಯವನು, ಚುರುಕು ಮನುಷ್ಯ. ನಕ್ಕು, "ಬಿಡ್ರಿ, ಅವರಿಗೆ ಸಂಬಂಧ ಇಲ್ಲ" ಅಂದ.

ಕೋರ್ಟಿನ ಕೆಲಸ ಏನೆಂದರೆ ಕಾಯುವುದು. ಬೆಳಿಗ್ಗೆ ಹೋಗುತ್ತೇನೆ, ಹುಣಸೆಮರದ ಕೆಳಗೆ ಕೂರುತ್ತೇನೆ, ಏಳುತ್ತೇನೆ, ಚಹಾ ಕುಡಿಯುತ್ತೇನೆ, ಮತ್ತೆ ಕೂರುತ್ತೇನೆ. ಒಂದು ಸಲ ಅವರ ವಕೀಲ ಬಂದಿರುವುದಿಲ್ಲ, ಇನ್ನೊಂದು ಸಲ ನಮ್ಮವನು. ಕೊನೆಗೆ ದಲಾಯತ, ಅಂದರೆ ಕೋರ್ಟಿನ ಜವಾನ, ಹೊರಗೆ ಬಂದು ಹೆಸರು ಕೂಗುತ್ತಾನೆ, ಮೂರು ಸಲ, ಬರೀ ಉಳವಪ್ಪ, ಉಳವಪ್ಪ, ಉಳವಪ್ಪ ಎಂದು. ಈ ಊರಲ್ಲಿ ಹುಟ್ಟಿದ ಮೇಲೆ ನನ್ನನ್ನು ಹಿರಿಯರನ್ನು ಬಿಟ್ಟರೆ ಯಾರೂ ಗೌಡ್ರ ಎನ್ನದೆ ಬರೀ ಹೆಸರಿನಿಂದ ಕರೆದದ್ದಿಲ್ಲ. ಮರಿಯಾ ಹತ್ತಿರವೇ ಕೂತಿರುತ್ತಾಳೆ. ಅವಳನ್ನೂ ಹಾಗೇ ಕೂಗುತ್ತಾನೆ. ಅವಳಿಗೆ ಏನೂ ಅನ್ನಿಸುವುದಿಲ್ಲ, ಎದ್ದು ಹೋಗುತ್ತಾಳೆ. ನನಗೆ ಮೈ ಉರಿಯುತ್ತದೆ.

ತೀರ್ಪಿನ ತನಕ ತಾತ್ಪೂರ್ತಿಕವಾಗಿ ದಾರಿ ಬಿಡಿಸಿ ಎಂದು ಅವರು ಒಂದು ಅರ್ಜಿ ಹಾಕಿದ್ದಾರೆ. ಅದರ ವಾದ ಮುಂದಕ್ಕೆ ಹೋಗುತ್ತಿದೆ. ಅಲ್ಲಿ ದಾರಿಯೇ ಇರಲಿಲ್ಲ, ಅವರು ಮೊದಲಿನಿಂದಲೂ ಹಳ್ಳ ದಾಟಿಯೇ ಬರುತ್ತಿದ್ದರು ಎಂದು ಈರೇಶ ನಮ್ಮ ಉತ್ತರದಲ್ಲಿ ಬರೆದಿದ್ದಾನೆ. ನಾನು ಸಹಿ ಮಾಡಿದೆ.

ಅವರು ಸಾಕ್ಷಿದಾರರ ಯಾದಿಯಲ್ಲಿ ನಿನ್ನ ಹೆಸರು ಬರೆದಿದ್ದಾರಂತೆ. ಚಿಕ್ಕವಳಿದ್ದಾಗ ರೀನಾಳ ಜೊತೆ ಆ ದಾರಿಯಲ್ಲಿ ನಡೆದಿದ್ದೆ ಎಂದು. ನಿನಗೆ ಹುಮನಾಬಾದದಲ್ಲಿ ಕೆಲಸ ಬಹಳ ಇರುತ್ತದೆ. ಬರುವ ಅಗತ್ಯವಿಲ್ಲ. ಇದು ಸಲಹೆಯಲ್ಲ, ತಂದೆಯ ಮಾತು.

ನೇರಳೆ ಮರ ಇದೆ. ಬೇಲಿಯ ಒಳಗೆ ಬಂದಿದೆ.

ಉಳವಪ್ಪ

*

ಅಂಬಿಕಾನಗರ
4 ಆಗಸ್ಟ್ 2024

ಮಾನ್ಯ ನ್ಯಾಯಾಧೀಶರಾದ ಸುಮಿತಾ ಅವರಿಗೆ,

ಹೀಗೆ ಕರೆಯಬೇಕೋ, ಸುಮೀ ಎನ್ನಬೇಕೋ ತಿಳಿಯದೆ ಎರಡು ಹಾಳೆ ಹರಿದೆ. ನಿನ್ನ ನಂಬರು ನನ್ನ ಹತ್ತಿರ ಇದೆ. ಮಾಡಲಿಲ್ಲ. ನೀನು ಎತ್ತಿದರೂ ನಿನಗೆ ಕಷ್ಟ, ಎತ್ತದಿದ್ದರೆ ನನಗೆ ಕಷ್ಟ.

ಅವ್ವನ ಕಾಲು ಮುರಿದಿದೆ. ಹಳ್ಳಕ್ಕೆ ನೀರು ಬಂದಿತ್ತು. ಸೊಸಾಯಟಿಯಿಂದ ಅಕ್ಕಿ ತರಬೇಕು ಎಂದು ಹೋದವಳು ಕಲ್ಲಿನ ಮೇಲೆ ಜಾರಿದಳು. ಅವಳನ್ನು ಎತ್ತಿಕೊಂಡು ಬರಲು ದಾರಿ ಇರಲಿಲ್ಲ. ನಮ್ಮ ರಾಮಾ ಕಾಕಾ ಮತ್ತು ಇನ್ನೂ ನಾಲ್ಕು ಜನ ಕಂಬಳಿ ಜೋಲಿ ಮಾಡಿ, ಎದೆಮಟ್ಟದ ನೀರಲ್ಲಿ ದಾಟಿಸಿದರು. ನಿಮ್ಮ ಬೇಲಿ ಅಲ್ಲೇ ಕಾಣುತ್ತಿತ್ತು. ಕಾಕಾ ಅದನ್ನು ಕೀಳಲು ಹೋದ. ಅವ್ವ ಜೋಲಿಯಲ್ಲಿ ನರಳುತ್ತಲೇ, "ಬ್ಯಾಡ, ಕೋರ್ಟಿನ್ಯಾಗ ಐತಿ, ಮುಟ್ಟಬ್ಯಾಡ" ಎಂದಳು. ಕೋರ್ಟಿನ ಮೇಲೆ ನನ್ನ ತಾಯಿಗೆ ಇರುವಷ್ಟು ನಂಬಿಕೆ ನಿಮ್ಮಂಥವರಿಗೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಬರೆದದ್ದು ಅದಕ್ಕಲ್ಲ. ನಮ್ಮ ಸಾಕ್ಷಿಗಳು ಮುಗಿದವು. ನಿನ್ನನ್ನು ಕರೆಸಲಿಲ್ಲ. ವಕೀಲರು ನೀನೇ ಬಲವಾದ ಸಾಕ್ಷಿ ಎಂದು ಹೇಳುತ್ತಲೇ ಇದ್ದರು. ನಾನೂ ಹಟ ಹಿಡಿದೆ. ಆಸ್ಪತ್ರೆಯ ಮಂಚದ ಮೇಲಿಂದ ಅವ್ವ ಒಂದೇ ಮಾತು ಹೇಳಿದಳು: "ಅಪ್ಪನ ಎದುರಿಗೆ ಆ ಕೂಸನ್ನ ಕಟಕಟೆದಾಗ ನಿಲ್ಲಸಬ್ಯಾಡ್ರಿ. ದಾರಿ ಹೋದ್ರ ಹೋಗ್ಲಿ." ನಿನ್ನ ಹೆಸರು ಬಿಡಿಸಿದೆವು.

ಅವಳು ಈಗಲೂ ನಿನ್ನನ್ನು ಕೂಸು ಎನ್ನುತ್ತಾಳೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿದೆ, ಅದನ್ನು ಹೇಳಿಬಿಡಬೇಕು ಅನ್ನಿಸಿತು, ಹೇಳಿದೆ.

ರೀನಾ

*

ಹುಮನಾಬಾದ
12 ಆಗಸ್ಟ್ 2024

ಅಪ್ಪನಿಗೆ,

ಮರಿಯಕ್ಕನ ಕಾಲು ಮುರಿದದ್ದನ್ನು ನೀವು ನನಗೆ ಬರೆಯಲಿಲ್ಲ. ಅವ್ವನೂ ಫೋನಿನಲ್ಲಿ ಹೇಳಲಿಲ್ಲ. ಬೇರೆಯವರಿಂದ ತಿಳಿಯಿತು.

ನನ್ನನ್ನು ಕರೆಸಿದ್ದರೆ ನಾನು ಬರುತ್ತಿದ್ದೆ. ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು, ಹಳಿಯಾಳದಲ್ಲಿ ಇಳಿದು, ನಿಮ್ಮ ಎದುರಿಗೆ ಕಟಕಟೆ ಹತ್ತಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಇದು ನಿಮಗೆ ಗೊತ್ತಿರಲಿ. ಅವರು ಕರೆಸಲಿಲ್ಲ ಎಂದು ನಿಮಗೆ ಸಮಾಧಾನವಾಗಿರಬಹುದು. ನನಗೆ ನಾಚಿಕೆಯಾಗುತ್ತಿದೆ.

ಇನ್ನು ನಿಮ್ಮ ಸರದಿ. ನಾನು ದಿನಾ ಎತ್ತರದಲ್ಲಿ ಕೂತು, ಕೆಳಗೆ ನಿಂತವರು ಪ್ರಮಾಣ ಮಾಡುವುದನ್ನು ನೋಡುತ್ತೇನೆ. ಬಹಳ ಜನ ನಿಮ್ಮ ವಯಸ್ಸಿನವರೇ. ಬಿಳಿ ಅಂಗಿ, ಹಣೆಗೆ ವಿಭೂತಿ. ಅವರು ಬಾಯಿ ತೆರೆಯುವ ಮುಂಚೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇದು ಜಡ್ಜಿಗೆ ಇರಬಾರದ ರೋಗ. ನೀವು ಹಚ್ಚಿದ್ದು.

ಸುಮಿತಾ

*

ಬೀರನಕೊಪ್ಪ
6 ಡಿಸೆಂಬರ್ 2024

ಸುಮಿತಾಗೆ ನಿಮ್ಮವ್ವ ಕಾಶೆವ್ವ ಬರೆಯುವುದು.

ನಾನು ಕಾಗದ ಬರೆಯದೆ ಎಷ್ಟೋ ವರ್ಷವಾಯಿತು. ಮುಂಡಗೋಡದ ತವರಿಗೆ ಬರೆಯುತ್ತಿದ್ದೆ, ಫೋನು ಬಂದ ಮೇಲೆ ಅದೂ ನಿಂತಿತು. ಇದನ್ನು ಫೋನಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ. ಬರೆದರೆ ಬರುವುದಿಲ್ಲ ಅಂದುಕೊಂಡಿದ್ದೇನೆ.

ಬುಧವಾರ ನಿಮ್ಮಪ್ಪನ ಸಾಕ್ಷಿ ಇತ್ತು. ನನ್ನನ್ನೂ ಕರೆದುಕೊಂಡು ಹೋದರು. ಮುಂಜಾನೆ ಲಿಂಗಪೂಜೆಗೆ ಬಹಳ ಹೊತ್ತು ಕೂತಿದ್ದರು. ಕೋರ್ಟಿನ ಅಂಗಳದಲ್ಲಿ ಹುಣಸೆಮರದ ಕೆಳಗೆ ಕೂತು ಕಾಲು ಅಲ್ಲಾಡಿಸುತ್ತಲೇ ಇದ್ದರು. ದಲಾಯತ ಬಾಗಿಲಿಗೆ ಬಂದು ಹೆಸರು ಕೂಗಿದ. ನಿಮ್ಮಪ್ಪ ಎದ್ದರು. ಎರಡನೇ ಸಲ ಕೂಗಿದ. ಆಗ ಅವರು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಸೆಕೆಗೆ ಎಂದುಕೊಂಡೆ. ಕೊರಳಿನ ಶಿವದಾರ ತಲೆಯ ಮೇಲಿಂದ ತೆಗೆದು, ಲಿಂಗದ ಕರಡಿಗೆಯನ್ನು ನನ್ನ ಉಡಿಯಲ್ಲಿ ಹಾಕಿದರು. "ಹಿಡಕೋ, ಬಂದು ಹಾಕ್ಕೋತೇನಿ" ಅಂದರು. ಮೂರನೇ ಸಲ ಕೂಗುವಷ್ಟರಲ್ಲಿ ಒಳಗೆ ಹೋಗಿದ್ದರು.

ಮಠದ ಅಯ್ಯನವರು ಕಟ್ಟಿದ ಲಿಂಗ, ಸಾಯುವ ತನಕ ಮೈ ಬಿಟ್ಟು ಇಳಿಯಬಾರದ್ದು. ಜ್ವರ ಬಂದು ಮೈಮೇಲೆ ಎಚ್ಚರ ಇಲ್ಲದಾಗಲೂ ಇಳಿಸಿರಲಿಲ್ಲ. ಯಾಕೆ ತೆಗೆದರು ಎಂದು ತಿಳಿಯಲು ನನಗೆ ಹೊತ್ತು ಹಿಡಿಯಲಿಲ್ಲ. ಅದನ್ನು ಉಡಿಯಲ್ಲಿ ಹಿಡಿದು ಹಿಂದಿನ ಬೆಂಚಿಗೆ ಹೋಗಿ ಕೂತೆ.

ದೇವರ ಮೇಲೆ ಪ್ರಮಾಣ ಮಾಡಿಸಿದರು. ಮಾಡಿದರು. ಮರಿಯಾಳ ಕಡೆಯ ವಕೀಲರು ಪಾಟೀಸವಾಲಿನಲ್ಲಿ, ಬದುವಿನ ಮೇಲೆ ದಾರಿ ಇತ್ತೋ ಇಲ್ಲವೋ ಎಂದು ಕೇಳಿದರು. "ಇರಲಿಲ್ರೀ. ಎಂದೂ ಇರಲಿಲ್ಲ" ಅಂದರು. ಮರಿಯಾ ಕೋಲು ಊರಿಕೊಂಡು ಎದುರಿನ ಬೆಂಚಿನಲ್ಲಿ ಕೂತಿದ್ದಳು. ಅವಳು ಅವರನ್ನು ನೋಡಲಿಲ್ಲ. ನನ್ನ ಉಡಿ ನೋಡುತ್ತಿದ್ದಳು.

ಹೊರಗೆ ಬಂದು ಕೈ ಚಾಚಿದರು. ನಾನು ಕೊಡಲಿಲ್ಲ. "ಇದನ್ನ ತಗದಿಟ್ಟು ಯಾ ಮಾತು ಹೇಳಿ ಬಂದ್ರೆಲ್ಲಾ, ಇದನ್ನ ಹಾಕ್ಕೊಂಡು ಆ ಮಾತು ಹೇಳ್ರಿ ನೋಡೂಣು" ಅಂದೆ. ನಲವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಎದುರು ಮಾತು ಆಡಿದ್ದು ಉಂಟು, ಹೀಗೆ ಆಡಿದ್ದಿಲ್ಲ. ಅವರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

ನಿನಗೆ ಗೊತ್ತು, ಪೂಜೆ ಇಲ್ಲದೆ ಅವರು ಅನ್ನ ಮುಟ್ಟುವುದಿಲ್ಲ. ಹಾಲು, ಬಾಳೆಹಣ್ಣು, ಅಷ್ಟೇ. ನಿನ್ನೆ ಸಿಟ್ಟು ಮಾಡಿಕೊಂಡು, ಮಠಕ್ಕೆ ಹೋಗಿ ಬೇರೆ ಲಿಂಗ ಕಟ್ಟಿಸಿಕೊಂಡು ಬರುತ್ತೇನೆ ಎಂದು ಹೊರಟರು. ಹೋಗಿ ಬರಿಗೊರಳಿನಲ್ಲೇ ತಿರುಗಿ ಬಂದರು. ಅಯ್ಯನವರು "ಮೊದಲಿಂದು ಎಲ್ಲಿ ಹೋತೋ ಉಳವಪ್ಪಾ?" ಎಂದು ಕೇಳಿದರಂತೆ. ಅಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ ಅನ್ನಿಸುತ್ತದೆ. ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದಾರೆ. ನೋಡಲು ಆಗುವುದಿಲ್ಲ.

ಈಗ ನೀನು ಒಂದು ಹೇಳು. ಅಲ್ಲಿ ಒಮ್ಮೆ ಆಡಿದ ಮಾತನ್ನು ತಿರುಗಿ ಆಡಲು ಬರುತ್ತದೋ ಇಲ್ಲವೋ? ಬರುವುದಿಲ್ಲ ಎಂದಾದರೆ ಲಿಂಗ ಕೊಟ್ಟುಬಿಡುತ್ತೇನೆ. ಗಂಡನನ್ನು ಉಪವಾಸ ಕೆಡವಿ ಕೊಲ್ಲಲಾರೆ. ಬರುತ್ತದೆ ಎಂದಾದರೆ ಇನ್ನೂ ಸ್ವಲ್ಪ ದಿನ ಗಟ್ಟಿಯಾಗಿರುತ್ತೇನೆ. ಬೇಗ ಬರಿ.

ನಿಮ್ಮವ್ವ,
ಕಾಶೆವ್ವ

*

ಹುಮನಾಬಾದ
10 ಡಿಸೆಂಬರ್ 2024

ಅವ್ವಾ,

ನಿನ್ನ ಕಾಗದವನ್ನು ಚೇಂಬರಿನಲ್ಲಿ ಓದಿದೆ. ಆಮೇಲೆ ಹೊರಗೆ ಹೋಗಿ ಕೂರಲು ತಡವಾಯಿತು. ವಕೀಲರು ಕಾದರು.

ಬರುತ್ತದೆ, ಅವ್ವಾ. ತೀರ್ಪು ಓದುವ ತನಕ ಬರುತ್ತದೆ. ಸಾಕ್ಷಿ ಹೇಳಿ ಹೋದವರನ್ನು ಮತ್ತೆ ಕಟಕಟೆಗೆ ಕರೆಯುವ ಅಧಿಕಾರ ಆ ನ್ಯಾಯಾಧೀಶರಿಗೆ ಇದೆ. ವಕೀಲರ ಮೂಲಕ ಅರ್ಜಿ ಕೊಡಬೇಕು. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಇಷ್ಟು ಯಾರು ಕೇಳಿದರೂ ಹೇಳುತ್ತಿದ್ದೆ, ನಿನಗೂ ಹೇಳಿದ್ದೇನೆ. ಈ ಕೋರ್ಟು ದಾಟಿದ ಮೇಲೆ ಆ ಬಾಗಿಲು ಮುಚ್ಚಿದ ಹಾಗೇ. ಮೇಲಿನವರು ಓದುವುದು "ಇರಲಿಲ್ರೀ" ಎಂಬ ಆ ಸಾಲನ್ನೇ. ಅಪ್ಪ ಧಾರವಾಡಕ್ಕೆ ಹೋಗಲಿ, ದಿಲ್ಲಿಗೆ ಹೋಗಲಿ, ಆ ಸಾಲು ಅವರ ಜೊತೆಗೇ ಬರುತ್ತದೆ.

ಲಿಂಗ ಕೊಡು ಎಂದೂ ಹೇಳಲಾರೆ, ಕೊಡಬೇಡ ಎಂದೂ ಹೇಳಲಾರೆ. ಅಪ್ಪ ಸೋಲುತ್ತಾರೆ ಎಂದು ನನಗೆ ಭಯವಿದೆ. ಗೆದ್ದುಬಿಡುತ್ತಾರೆ ಎಂಬ ಭಯ ಅದಕ್ಕಿಂತ ದೊಡ್ಡದು. ಗೆದ್ದರೆ ಆ ಮನೆಗೆ ಹೇಗೆ ಬರಲಿ?

ಅವರು ಹಾಲನ್ನಾದರೂ ಸರಿಯಾಗಿ ಕುಡಿಯುತ್ತಿದ್ದಾರೆಯೇ? ಬೆಲ್ಲ ಹಾಕಿ ಕೊಡು.

ನಿನ್ನ,
ಸುಮಿತಾ

*

ಬೀರನಕೊಪ್ಪ
21 ಡಿಸೆಂಬರ್ 2024

ಸುಮಿತಾ,

ನಿನ್ನ ಕಾಗದವನ್ನು ಅವರ ಮುಂದೆ ಇಟ್ಟೆ. ಅವರು ಓದಿ ಮಡಿಚಿಟ್ಟು ಹೊಲಕ್ಕೆ ಹೋದರು. ನೇರಳೆ ಮರದ ಕೆಳಗೆ ನಿಂತದ್ದನ್ನು ಹಿತ್ತಲಿನಿಂದ ನೋಡಿದೆ. ಮಾರನೆಯ ದಿನ ಆ ಅರ್ಜಿ ಹಾಕಿಸಲು ಹಳಿಯಾಳಕ್ಕೆ ಒಬ್ಬರೇ ಹೋದರು.

ಈರೇಶ ವಕೀಲರು ನಮ್ಮ ಮನೆಗೇ ಬಂದುಬಿಟ್ಟರು. ಅವರು ಕೆಟ್ಟ ಮನುಷ್ಯರಲ್ಲ. "ಗೌಡ್ರ, ದಾರಿ ಇತ್ತು ಅಂತ ಹೇಳ್ರಿ, ಅಡ್ಡಿಯಿಲ್ಲ. ಆದ್ರ ನಾವ ಪರವಾನಗಿ ಕೊಟ್ಟು ಬಿಟ್ಟಿದ್ವಿ ಅನ್ರಿ. ಪರವಾನಗಿ ಕೊಟ್ಟು ನಡಿಸಿದ್ದು ಹಕ್ಕಾಗೂದಿಲ್ಲ. ಸುಳ್ಳೂ ಆಗೂದಿಲ್ಲ, ಕೇಸೂ ಹೋಗೂದಿಲ್ಲ" ಅಂದರು. ನಿಮ್ಮಪ್ಪನ ಮುಖಕ್ಕೆ ಎಷ್ಟೋ ದಿನದ ಮೇಲೆ ಕಳೆ ಬಂತು. ನಾನು ಎದ್ದು ಒಳಗೆ ಹೋದೆ.

ಅರ್ಜಿ ಒಪ್ಪಿ ನಿನ್ನೆ ಕೋರ್ಟಿಗೆ ಮತ್ತೆ ಕರೆದರು. ಅಲ್ಲಿಯ ಜಡ್ಜು ನಿನ್ನ ಹಾಗೇ ಹೆಣ್ಣುಮಗಳು, ವಯಸ್ಸೂ ಅಷ್ಟೇ ಇರಬೇಕು. ನಾನು ಮುಂಜಾನೆಯೇ ಕರಡಿಗೆಯನ್ನು ನಿಮ್ಮಪ್ಪನ ಕೈಗೆ ಕೊಟ್ಟಿದ್ದೆ. "ಹಾಕ್ಕೊಂಡು ಹೋಗ್ರಿ. ಏನ ಹೇಳ್ತೀರಿ ಅದು ನಿಮಗ ಬಿಟ್ಟದ್ದು" ಅಂದೆ. ಪೂಜೆ ಮಾಡಿದರು. ಮಾಡಿ ಊಟಕ್ಕೆ ಕೂರಲಿಲ್ಲ. "ಬಂದು ಉಣ್ತೇನಿ" ಅಂದರು. ಹದಿನೈದು ದಿನ ಅನ್ನ ಕಾಣದ ಮೈ, ಬಸ್ಸು ಹತ್ತುವಾಗ ಕೈ ಹಿಡಿಯಬೇಕಾಯಿತು.

ಕಟಕಟೆಯಲ್ಲಿ ನಿಂತು, "ಮೊನ್ನೆ ಹೇಳಿದ್ದು ಖರೇ ಅಲ್ರೀ. ದಾರಿ ಇತ್ತು" ಅಂದರು. ಕೋರ್ಟಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಈರೇಶ ವಕೀಲರು ಅವಸರದಿಂದ ಎದ್ದು ಏನೋ ಹೇಳಲು ಹೋದರು. ಜಡ್ಜು ಅವರನ್ನು ಕೂರಿಸಿ ತಾವೇ ಕೇಳಿದರು. "ಆ ದಾರಿಯಲ್ಲಿ ಓಡಾಡಲು ನೀವು ಅವರಿಗೆ ಅನುಮತಿ ಕೊಟ್ಟಿದ್ದಿರಾ?"

ಸುಮಿತಾ, ಆಗ ನಿಮ್ಮಪ್ಪನ ಕೈ ಎದೆಗೆ ಹೋಯಿತು. ಅಂಗಿಯ ಮೇಲಿಂದಲೇ ಕರಡಿಗೆ ಹಿಡಿದುಕೊಂಡರು. ಬಹಳ ಹೊತ್ತು ಸುಮ್ಮನೆ ನಿಂತರು. ಅವರಿಗೆ ಕೇಳಿಸಲಿಲ್ಲ ಎಂದುಕೊಂಡು ಜಡ್ಜು ಮತ್ತೊಮ್ಮೆ ಗಟ್ಟಿಯಾಗಿ ಕೇಳಿದರು. "ಕೇಳೇತ್ರೀ ಸಾಹೇಬ್ರ" ಅಂದರು. ಆಮೇಲೆ ಹೀಗೆ ಹೇಳಿದರು, ನಾನು ಒಂದಕ್ಷರ ಬಿಡದೆ ಬರೆಯುತ್ತೇನೆ: "ನಾ ಹುಟ್ಟೂಕಿಂತ ಮೊದಲಿಂದ ಅವರ ಮಂದಿ ಅಲ್ಲೇ ನಡದಾರ್ರೀ. ನಮ್ಮಪ್ಪನ್ನ ಕೇಳಿಲ್ಲ, ನನ್ನೂ ಕೇಳಿಲ್ಲ. ಕೇಳೂ ಕಾರಣ ಇರಲಿಲ್ಲ. ಪರವಾನಗಿ ಅಂತ ನಾ ಎಂದೂ ಕೊಟ್ಟಿಲ್ಲ."

ಈರೇಶ ವಕೀಲರು ಪೆನ್ನಿಗೆ ಟೋಪಿ ಹಾಕಿ ಕಿಸೆಯಲ್ಲಿಟ್ಟರು. ಟೈಪು ಮಾಡುವ ಹುಡುಗಿಯ ಕೈ ಮಾತ್ರ ಟಕಟಕ ಆಡುತ್ತಿತ್ತು.

ಹೊರಗೆ ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಬುತ್ತಿ ಒಯ್ದಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಲೆ. ಬಂದು ಹೋಗುವವರ ಕಾಲ ಸಂದಿಯಲ್ಲೇ ಕೂತು ಉಂಡರು. ಮರಿಯಾ ಕೋಲು ಊರಿಕೊಂಡು ಪಕ್ಕದಿಂದಲೇ ಇಳಿದು ಹೋದಳು, ನಮ್ಮ ಕಡೆ ನೋಡಲಿಲ್ಲ. ನಾನು ಕರೆಯಬೇಕು ಅಂದುಕೊಂಡೆ. ಕರೆಯದೆ, ಇವರಿಗೆ ಇನ್ನೊಂದು ರೊಟ್ಟಿ ಹಾಕಿದೆ.

ನಿಮ್ಮವ್ವ,
ಕಾಶೆವ್ವ

*

ಬೀರನಕೊಪ್ಪ
9 ಮಾರ್ಚ್ 2025

ಚಿರಂಜೀವಿ ಸುಮಿತಾಳಿಗೆ,

ನಿನಗೆ ಬರೆಯಲು ಇಷ್ಟು ದಿನ ಮುಖ ಇರಲಿಲ್ಲ. ಈಗಲೂ ಅಷ್ಟಾಗಿ ಇಲ್ಲ. ಆದರೂ ಬರೆಯದೆ ಇರಲು ಆಗುತ್ತಿಲ್ಲ.

ತೀರ್ಪು ಬಂತು. ನಾನು ಸೋತೆ. ಈರೇಶ ಹಿರಿಯ ಕೋರ್ಟಿಗೆ ಹೋಗೋಣವೇ ಎಂದು ಕೇಳಿದ, ಕೇಳಬೇಕಲ್ಲ ಎಂದು ಕೇಳಿದ ಅಷ್ಟೇ. ನೀನು ಬರೆದು ಕಳಿಸಿದ ಕೋರ್ಟುಗಳ ಹೆಸರೆಲ್ಲ ಬಾಯಿಪಾಠ ಆಗಿದ್ದವು. ಅವುಗಳಲ್ಲಿ ಒಂದರಲ್ಲೂ ನನಗೆ ಕೆಲಸ ಇಲ್ಲವಾಯಿತು. ಕಾರವಾರದ ಸಮುದ್ರ ನೋಡಬಹುದಿತ್ತು ಎಂದು ನಿಮ್ಮವ್ವ ಚೇಷ್ಟೆ ಮಾಡುತ್ತಾಳೆ.

ಬೇಲಿಯನ್ನು ತೀರ್ಪಿಗೆ ಮುಂಚೆಯೇ ಕಿತ್ತೆ. ಕೂಲಿಯವರನ್ನು ಕರೆಯಲಿಲ್ಲ. ಅಂಗೈಗೆ ಮುಳ್ಳು ನಟ್ಟು ಕೀವಾಗಿತ್ತು, ಈಗ ಮಾಯ್ದಿದೆ. ದಾರಿಯಲ್ಲಿ ಹುಲ್ಲು ಬೆಳೆದುಬಿಟ್ಟಿದೆ. ಅವರ ಮಂದಿ ಮತ್ತೆ ನಡೆಯಲು ಸುರು ಮಾಡಿದ್ದಾರೆ. ರಾಮಾ ನಡೆಯುತ್ತಾನೆ, ರೀನಾ ರವಿವಾರ ಬಂದಾಗ ನಡೆಯುತ್ತಾಳೆ. ನನ್ನನ್ನು ಕಂಡರೆ ಮಾತಿಲ್ಲ. ಮಾತಾಡಿಸಲಿ ಎಂದು ಕೇಳಲು ನನಗೆ ಯಾವ ಕೋರ್ಟೂ ಇಲ್ಲ.

ನಿನ್ನೆ ಸಂಜೆ ಒಂದು ಸಂಗತಿ ನಡೆಯಿತು, ಅದನ್ನು ಹೇಳಲೆಂದೇ ಕಾಗದ ಹಿಡಿದದ್ದು. ಹಳ್ಳದ ಕಡೆಯ ಬದು ಒಡೆದಿದೆ ಎಂದು ನೋಡಲು ಹೊರಟಿದ್ದೆ. ನೇರಳೆ ಮರದ ಹತ್ತಿರ, ದಾರಿಯ ನಟ್ಟನಡುವೆ, ಮರಿಯಾ ಕಟ್ಟಿಗೆಯ ಮಣೆ ಹಾಕಿಕೊಂಡು ಕೂತಿದ್ದಳು. ಮುರಿದ ಕಾಲು ಉದ್ದಕ್ಕೆ ಚಾಚಿತ್ತು. ಆಚೆ ಈಚೆ ಕಡಲೆ ಬೆಳೆ ಇದೆ. ಅವಳನ್ನು ದಾಟದೆ ಹೋಗಲು ಬರುವಂತಿರಲಿಲ್ಲ. ಏಳಲಾರದೆ ಕೂತಿದ್ದಾಳೋ, ಏಳಬಾರದೆಂದು ಕೂತಿದ್ದಾಳೋ ತಿಳಿಯಲಿಲ್ಲ. ನಾನು ನಿಂತೆ.

ಅವಳು ನನ್ನನ್ನು ಕೆಳಗಿಂದ ಮೇಲೆ ನೋಡಿದಳು. "ಎಲ್ಲಿಗೆ ಉಳವಪ್ಪಾ?" ಅಂದಳು.

ಗೌಡ್ರ ಎನ್ನಲಿಲ್ಲ. ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಇದೇ ಮೊದಲು. ಕೋರ್ಟಿನಲ್ಲಿ ದಲಾಯತ ಕೂಗಿದಾಗ ಹತ್ತಿದಂಥ ಉರಿ ಹತ್ತಬೇಕಿತ್ತು. ಹತ್ತಲಿಲ್ಲ. ಬದು ನೋಡಲು ಎಂದೆ.

"ಯಾರನ್ನ ಕೇಳಿ ಈ ದಾರಿ ಹಿಡದಿ?" ಅಂದಳು.

ಸುಮಿತಾ, ಹೊಲ ನನ್ನದು. ಬದು ನನ್ನದು. ಮರ ನಮ್ಮಜ್ಜ ಹಚ್ಚಿದ್ದು. ಹೇಳಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು, ಎರಡು ವರ್ಷ ಹುಣಸೆಮರದ ಕೆಳಗೆ ಕೂತು ಜೋಡಿಸಿಟ್ಟುಕೊಂಡ ಮಾತುಗಳು. ಚಪ್ಪಲಿ ಕಾಲಿಂದ ಬಿಟ್ಟೆ, ಯಾಕೆ ಬಿಟ್ಟೆನೋ ಗೊತ್ತಿಲ್ಲ.

"ಹೋಗ್ಲ್ಯಾ ಮರಿಯವ್ವಾ?" ಎಂದು ಕೇಳಿದೆ.

ಅವಳು ಹಳ್ಳದ ಕಡೆ ನೋಡಿದಳು, ತನ್ನ ಕಾಲು ನೋಡಿಕೊಂಡಳು, ಕೋಲನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು. ನಾನು ಕಾಯುತ್ತಾ ನಿಂತೆ. ಕಾಯುವುದನ್ನು ಕೋರ್ಟು ಕಲಿಸಿದೆ. ಆಮೇಲೆ ಎರಡು ಕೈಯಿಂದ ಕಾಲನ್ನು ಎತ್ತಿ ಪಕ್ಕಕ್ಕೆ ಸರಿಸಿದಳು.

"ಹೋಗು" ಅಂದಳು.

ಹೋದೆ.

ನಿನ್ನ ತಂದೆ,
ಉಳವಪ್ಪ